ಕಿತ್ತುಹೋದ ಹೆಡ್‌ಫೋನ್ ಪಿನ್ನಿಗೆ ಮನೆಯಲ್ಲೇ ಬೆಸುಗೆ

ರಿಪೇರಿ ಮೇಜು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಮಿಕ್ಸಿಯ ಕಾರ್ಬನ್ ಬ್ರಷ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮಿಕ್ಸಿಯ ಸುದ್ದಿಯೇ ಇಲ್ಲ, ಮುಕ್ಕಾಲು ಪಾಲು ಹೆಡ್‌ಫೋನಿನ ಪಿನ್ನಿನದು. ಪರೀಕ್ಷೆಯ ಕಾಲವಾದ್ದರಿಂದ ಇರಬಹುದು. ಈ ಸಲದ ಪುಟಗಳನ್ನು ಪೂರ್ತಿಯಾಗಿ ಆ ಪಿನ್ನಿಗೇ ಬಿಟ್ಟುಕೊಟ್ಟಿದ್ದೇನೆ. ಬೋರ್‌ವೆಲ್ ಪಂಪಿನ ಕೆಪಾಸಿಟರ್ ವಿಚಾರ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಿ.

ಪ್ರಶ್ನೆ: ಮೇಡಂ, ಬ್ಯಾಂಕ್ ಪರೀಕ್ಷೆಗೆ ಆನ್‌ಲೈನ್ ಪಾಠ ಕೇಳುತ್ತಿದ್ದೇನೆ. ಹೆಡ್‌ಫೋನ್ ಒಳ್ಳೆಯದೇ. ಆದರೆ ಪಿನ್ನಿನ ಬುಡದಲ್ಲಿ ವೈರನ್ನು ಬಗ್ಗಿಸಿ ಹಿಡಿದರೆ ಮಾತ್ರ ಬಲಗಿವಿಗೆ ಶಬ್ದ ಬರುತ್ತದೆ. ಇದಕ್ಕೆಲ್ಲ ರಿಪೇರಿ ಇಲ್ಲ, ಹೊಸದು ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿ ಕಳಿಸಿದರು. ಅಣ್ಣನ 25 ವ್ಯಾಟಿನ ಸೋಲ್ಡರಿಂಗ್ ಐರನ್ ಮನೆಯಲ್ಲಿದೆ. ನಾನೇ ಮಾಡಬಹುದೇ?
(ಓದುಗರು, ತುರುವೇಕೆರೆ)

ಉತ್ತರ: ಧಾರಾಳವಾಗಿ ಮಾಡಬಹುದು. ಅಂಗಡಿಯವರ ಮೇಲೆ ಬೇಸರ ಬೇಡ. ಕೂತು ತಾಳ್ಮೆಯಿಂದ ಮಾಡಬೇಕಾದ ಈ ಕೆಲಸಕ್ಕೆ ಅವರು ಕೇಳಬೇಕಾದ ಕೂಲಿಯನ್ನು ಕೇಳಿದರೆ ನೀವೇ ಕೊಡುವುದಿಲ್ಲ. ನಿಮ್ಮ ಸಮಯಕ್ಕೆ ನೀವೇ ಕೂಲಿ ಕೊಟ್ಟುಕೊಳ್ಳಬೇಕಾಗಿಲ್ಲ, ಹಾಗಾಗಿ ನಿಮಗೆ ಗಿಟ್ಟುತ್ತದೆ.

ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಳ್ಳಿ. ಅದೇ ಹೆಡ್‌ಫೋನನ್ನು ಮನೆಯ ಇನ್ನೊಂದು ಮೊಬೈಲಿಗೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ಕೇಳಿಸಿದರೆ ತಪ್ಪು ಪಿನ್ನಿನದಲ್ಲ, ನಿಮ್ಮ ಮೊಬೈಲಿನ ರಂಧ್ರದ್ದು. ಜೇಬಿನಲ್ಲಿರುವ ಬಟ್ಟೆಯ ನಾರು, ದೂಳು ಆ ರಂಧ್ರದ ತಳದಲ್ಲಿ ಸೇರಿ ಗಟ್ಟಿಯಾಗಿ, ಪಿನ್ನು ಪೂರ್ತಿ ಒಳಗೆ ಕೂರದಂತೆ ತಡೆಯುತ್ತವೆ. ಮೊಬೈಲನ್ನು ಆಫ್ ಮಾಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ ಮಾತ್ರ ಬೇಡ. ಎರಡು ಮೊಬೈಲುಗಳಲ್ಲೂ ಅದೇ ಕಾಟ ಇದ್ದು, ಬುಡದಲ್ಲಿ ಬಗ್ಗಿಸಿದಾಗ ಮಾತ್ರ ಶಬ್ದ ಬಂದು ಹೋದರೆ, ಒಳಗಿನ ತಂತಿ ಪಿನ್ನಿನಿಂದ ಒಂದೆರಡು ಸೆಂಟಿಮೀಟರಿನೊಳಗೆ ತುಂಡಾಗಿದೆ ಎಂದೇ ಅರ್ಥ. ಪಿನ್ನಿನ ಅಚ್ಚು ಗಟ್ಟಿ, ವೈರು ಮೆತ್ತಗೆ. ಇವೆರಡೂ ಸೇರುವ ಜಾಗದಲ್ಲೇ ದಿನವಿಡೀ ಮಡಿಕೆ ಬೀಳುತ್ತದೆ, ತಾಮ್ರ ಅಲ್ಲೇ ದಣಿದು ಮುರಿಯುತ್ತದೆ.

ಈಗ ಪಿನ್ನಿನ ಹುಟ್ಟಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಅದು ತಿಳಿದರೆ ಜೋಡಣೆ ಮರೆಯುವುದಿಲ್ಲ. ನಾನು ಕೆಲಸ ಕಲಿತದ್ದು ಬೆಂಗಳೂರಿನ ದೂರವಾಣಿನಗರದ ಐ.ಟಿ.ಐ., ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಕಾರ್ಖಾನೆಯ ವೈರಿಂಗ್ ವಿಭಾಗದಲ್ಲಿ. 1948ರಲ್ಲಿ ಆರಂಭವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನನ್ನೂ ಎಕ್ಸ್‌ಚೇಂಜನ್ನೂ ಮಾಡಿಕೊಡುತ್ತಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಆಪರೇಟರ್ ಹುಡುಗಿಯರು ಬೋರ್ಡಿನ ಮೇಲೆ ಒಂದು ರಂಧ್ರದಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಿದ್ದ ಬಳ್ಳಿಯ ತುದಿಯಲ್ಲಿದ್ದದ್ದು ಇದೇ ಪಿನ್ನಿನ ಅಜ್ಜ. ಅದರ ದಪ್ಪ ಕಾಲು ಅಂಗುಲ, ಅಂದರೆ 6.35 ಮಿಲಿಮೀಟರ್. ಇಂದಿಗೂ ಗಿಟಾರಿಗೆ, ಸಭೆಯ ಮೈಕಿನ ಆಂಪ್ಲಿಫೈಯರಿಗೆ ಅದನ್ನೇ ಚುಚ್ಚುತ್ತಾರೆ. ಟ್ರಾನ್ಸಿಸ್ಟರ್ ರೇಡಿಯೊ ಬಂದ ಮೇಲೆ ಅದೇ ಕುಗ್ಗಿ 3.5 ಮಿಲಿಮೀಟರ್ ಆಯಿತು. 1979ರಲ್ಲಿ ಸೋನಿಯ ವಾಕ್‌ಮನ್ ಅದನ್ನು ಜಗತ್ತಿಗೆಲ್ಲ ಹಂಚಿತು. ಪಿನ್ನಿನ ಮೂರು ಭಾಗಗಳಿಗೆ ಎಕ್ಸ್‌ಚೇಂಜಿನವರು ಇಟ್ಟ ಹೆಸರುಗಳೇ ಈಗಲೂ ಉಳಿದಿವೆ: ತುದಿಯ ಗುಂಡು ಟಿಪ್, ನಡುವಿನ ಉಂಗುರ ರಿಂಗ್, ಬುಡದ ಉದ್ದನೆಯ ಭಾಗ ಸ್ಲೀವ್. ಟಿಪ್ ಎಡಗಿವಿಯದು, ರಿಂಗ್ ಬಲಗಿವಿಯದು, ಸ್ಲೀವ್ ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ವಿದ್ಯುತ್ ಹಿಂದಿರುಗುವ ದಾರಿ. ನಿಮ್ಮ ಬಲಗಿವಿ ಹೋಗಿದೆ ಎಂದರೆ ರಿಂಗಿಗೆ ಹೋಗುವ ತಂತಿ ಕಡಿದಿದೆ.

ಕೊಳ್ಳಬೇಕಾದ ಸಾಮಾನು ಹೆಚ್ಚೇನಿಲ್ಲ. ರೇಡಿಯೊ, ಟಿ.ವಿ. ಬಿಡಿಭಾಗ ಮಾರುವ ಅಂಗಡಿಯಲ್ಲಿ 3.5 ಎಂ.ಎಂ. ಸ್ಟೀರಿಯೊ ಪಿನ್ ಎಂದು ಕೇಳಿ. ಹಳೆಯ ಅಂಗಡಿಗಳಲ್ಲಿ ಇ.ಪಿ. ಸ್ಟೀರಿಯೊ ಎಂದರೆ ಬೇಗ ಅರ್ಥವಾಗುತ್ತದೆ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ, ರಾಶಿ ಸಿಗುತ್ತವೆ. ತಿರುಪಿನ ಮುಚ್ಚಳ ಇರುವ ಲೋಹದ ಪಿನ್ನನ್ನೇ ಆರಿಸಿ. ಬುಡದಲ್ಲಿ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಹೆಡ್‌ಫೋನಿನ ವೈರಿನಲ್ಲಿ ಮೈಕ್ ಇದ್ದರೆ ಮೂರಲ್ಲ, ನಾಲ್ಕು ಪೋಲಿನ, ಅಂದರೆ ನಾಲ್ಕು ಲೋಹದ ಭಾಗಗಳ ಪಿನ್ ಬೇಕು. ಹಳೆಯ ಪಿನ್ನಿನ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ: ಎರಡು ಗೆರೆಗೆ ಮೂರು ಪೋಲ್, ಮೂರು ಗೆರೆಗೆ ನಾಲ್ಕು. ಜೊತೆಗೆ ಸಣ್ಣ ಸುರುಳಿ ಸೋಲ್ಡರ್ ತಂತಿ. ಅಂಗಡಿಯವರು ಇದನ್ನು ಬರೀ ಲೆಡ್ ಎನ್ನುತ್ತಾರೆ. ತವರ 60, ಸೀಸ 40 ಇರುವ, ಒಳಗೆ ರಾಳ ತುಂಬಿದ, ತೆಳುವಾದ ತಂತಿ ಕೇಳಿ. ಸೋಲ್ಡರ್ ಚೆನ್ನಾಗಿ ಹಿಡಿಯಲು ಒಂದು ಡಬ್ಬಿ ಫ್ಲಕ್ಸ್ ಪೇಸ್ಟ್, ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ, ಅಂದರೆ ಹೀಟ್ ಶ್ರಿಂಕ್ ಸ್ಲೀವ್, ಗೇಣುದ್ದ. ಇಷ್ಟೇ.

ಕೆಲಸಕ್ಕೆ ಕೂತಾಗ ಹಳೆಯ ಪಿನ್ನಿನಿಂದ ಮೂರು ಸೆಂಟಿಮೀಟರ್ ಮೇಲಕ್ಕೆ ವೈರನ್ನು ಕತ್ತರಿಸಿ. ಪಿನ್ನಿಗೆ ಅಂಟಿಕೊಂಡಂತೆ ಕತ್ತರಿಸುವ ಜಿಪುಣತನ ಬೇಡ, ಮುರಿದ ಜಾಗ ವೈರಿನಲ್ಲೇ ಉಳಿದುಬಿಡುತ್ತದೆ. ಆಮೇಲೆ, ಐರನ್ನನ್ನು ಪ್ಲಗ್ಗಿಗೆ ಹಾಕುವ ಮೊದಲೇ, ಹೊಸ ಪಿನ್ನಿನ ಮುಚ್ಚಳ, ಅದರೊಳಗಿನ ಪ್ಲಾಸ್ಟಿಕ್ ಕೊಳವೆ ಮತ್ತು ಶ್ರಿಂಕ್ ಸ್ಲೀವನ್ನು ವೈರಿಗೆ ಪೋಣಿಸಿಬಿಡಿ. ಚಂದದ ಬೆಸುಗೆ ಹಾಕಿ ಮುಗಿಸಿ ತಲೆಯೆತ್ತಿದಾಗ ಮುಚ್ಚಳ ಮೇಜಿನ ಮೇಲೆ ಕೂತು ನಗುತ್ತಿರುವುದು ಈ ಕಸುಬಿನಲ್ಲಿ ಹೊಸಬರಿಗೂ ಹಳಬರಿಗೂ ತಪ್ಪಿದ್ದಲ್ಲ.

ಹೊರಗಿನ ರಬ್ಬರನ್ನು ಒಂದೂವರೆ ಸೆಂಟಿಮೀಟರಿನಷ್ಟು ಸುಲಿದರೆ ಒಳಗೆ ಬಣ್ಣಬಣ್ಣದ ಎಳೆಗಳು ಕಾಣುತ್ತವೆ. ಅವಕ್ಕೆ ಕಲಾಯಿ ಕೊಡುವುದು, ಅಂದರೆ ತುದಿಗೆ ತೆಳುವಾಗಿ ಸೋಲ್ಡರ್ ಹಿಡಿಸುವುದು, ಹೇಗೆಂಬುದನ್ನು ಮುಂದಿನ ಪತ್ರದ ಉತ್ತರದಲ್ಲಿ ವಿವರವಾಗಿ ಹೇಳಿದ್ದೇನೆ, ಅದನ್ನು ಓದದೆ ಮುಂದುವರಿಯಬೇಡಿ. ಹೊಸ ಪಿನ್ನಿನ ಹಿಂಭಾಗದಲ್ಲಿ ಎರಡು ಗಿಡ್ಡ ನಾಲಿಗೆಗಳೂ, ಇಬ್ಬದಿಗೆ ಕಿವಿಗಳಿರುವ ಒಂದು ಉದ್ದ ನಾಲಿಗೆಯೂ ಇರುತ್ತವೆ. ಉದ್ದದ್ದು ಸ್ಲೀವ್. ಗಿಡ್ಡ ನಾಲಿಗೆಗಳಲ್ಲಿ ಯಾವುದು ಟಿಪ್, ಯಾವುದು ರಿಂಗ್ ಎಂದು ಊಹಿಸಬೇಡಿ. ಮಲ್ಟಿಮೀಟರನ್ನು ಬೀಪ್ ಸದ್ದಿನ ಗುರುತಿಗೆ ತಿರುಗಿಸಿ, ಒಂದು ಮುಳ್ಳನ್ನು ಪಿನ್ನಿನ ತುದಿಗೆ, ಇನ್ನೊಂದನ್ನು ನಾಲಿಗೆಗೆ ಮುಟ್ಟಿಸಿದರೆ ಅದೇ ಹೇಳುತ್ತದೆ.

ಪಿನ್ನನ್ನು ಹಿಡಿಯಲು ಮೂರನೆಯ ಕೈ ಬೇಕು. ಕೆಟ್ಟ ರೇಡಿಯೊದಿಂದ ಕಿತ್ತ ಹಳೆಯ ಸಾಕೆಟ್ ಸಿಕ್ಕರೆ ಅದಕ್ಕೇ ಚುಚ್ಚಿ ನಿಲ್ಲಿಸಿ. ಇದರಲ್ಲಿ ಇನ್ನೊಂದು ಲಾಭವಿದೆ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ಟಿಪ್ಪು, ರಿಂಗು ಸೊಟ್ಟಗಾಗದಂತೆ ಸಾಕೆಟ್ ಹಿಡಿದಿಟ್ಟುಕೊಳ್ಳುತ್ತದೆ. ಸಾಕೆಟ್ ಇಲ್ಲದಿದ್ದರೆ ಮರದ ತುಂಡಿನಲ್ಲಿ ಪಿನ್ನು ಬಿಗಿಯಾಗಿ ಕೂರುವಷ್ಟು ರಂಧ್ರ ಕೊರೆದುಕೊಳ್ಳಿ. ನಾಲಿಗೆಗಳಿಗೆ ಮೊದಲೇ ಒಂದೊಂದು ಹನಿ ಸೋಲ್ಡರ್ ಹಿಡಿಸಿ. ಕಲಾಯಿ ಹತ್ತಿದ ತಂತಿಯನ್ನು ಆ ಹನಿಯ ಮೇಲಿಟ್ಟು, ಐರನ್ನಿನ ಬಿಸಿ ತುದಿಯನ್ನು, ಅಂದರೆ ಬಿಟ್ಟನ್ನು, ಎರಡು ಸೆಕೆಂಡ್ ಒತ್ತಿ, ಹನಿ ಕರಗಿ ತಂತಿಯನ್ನು ನುಂಗಿದ ತಕ್ಷಣ ತೆಗೆಯಿರಿ. ಆರುವವರೆಗೆ ತಂತಿ ಅಲುಗಬಾರದು. ಅಲುಗಿದರೆ ಬೆಸುಗೆ ಮಂಕಾಗಿ, ತರಿತರಿಯಾಗಿ ಗಟ್ಟಿಯಾಗುತ್ತದೆ. ಹೊಳೆಯುವ ಬೆಸುಗೆಯೇ ಒಳ್ಳೆಯ ಬೆಸುಗೆ. ಗಿಡ್ಡ ನಾಲಿಗೆಗಳನ್ನು ಮೊದಲು ಮುಗಿಸಿ, ಸ್ಲೀವನ್ನು ಕೊನೆಗಿಡಿ. ಅದು ದಪ್ಪ ಲೋಹವಾದ್ದರಿಂದ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, 25 ವ್ಯಾಟಿನ ಐರನ್ನಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ನೀವು ಬೇಗನೆ ನನಗೆ ಇನ್ನೊಂದು ಪತ್ರ ಬರೆಯುತ್ತೀರಿ. ಬೆಸುಗೆ ಇರುವುದು ವಿದ್ಯುತ್ತನ್ನು ದಾಟಿಸಲಿಕ್ಕೆ, ಎಳೆತ ತಡೆಯಲಿಕ್ಕಲ್ಲ. ಎಳೆತವನ್ನು ಹೊರಬೇಕಾದದ್ದು ಆ ಉದ್ದ ನಾಲಿಗೆಯ ಕಿವಿಗಳು. ಅವನ್ನು ಇಕ್ಕಳದಿಂದ ಮಡಚಿ ವೈರಿನ ಹೊರ ರಬ್ಬರನ್ನು ಅಪ್ಪಿ ಹಿಡಿಯುವಂತೆ ಮಾಡಿ. ಒಳಗಿನ ಬಣ್ಣದ ಎಳೆಗಳನ್ನಲ್ಲ, ರಬ್ಬರನ್ನು. ಇಯರ್‌ಫೋನಿನ ವೈರು ತೀರ ತೆಳುವಾಗಿದ್ದು ಕಿವಿಗಳ ನಡುವೆ ಜಾರಿದರೆ, ಆ ಜಾಗದಲ್ಲಿ ಹೊಲಿಗೆ ದಾರವನ್ನು ಬಿಗಿಯಾಗಿ ಸುತ್ತಿ ದಪ್ಪ ಮಾಡಿ ಆಮೇಲೆ ಮಡಚಿ. ಒಳಗಿನ ಎಳೆಗಳು ಚೂರು ಸಡಿಲವಾಗಿಯೇ ಇರಲಿ. ವೈರನ್ನು ಜಗ್ಗಿದಾಗ ಎಳೆಗಳು ಬಿಗಿಯಬಾರದು. ಮುಚ್ಚಳ ತಿರುಗಿಸುವ ಮೊದಲು ಪ್ಲಾಸ್ಟಿಕ್ ಕೊಳವೆಯನ್ನು ಬೆಸುಗೆಯ ಮೇಲೆ ಸರಿಸಲು ಮರೆಯಬೇಡಿ, ಲೋಹದ ಮುಚ್ಚಳ ನಾಲಿಗೆಗೆ ತಗಲಿದರೆ ಒಂದು ಕಿವಿ ಮತ್ತೆ ಮೂಕವಾಗುತ್ತದೆ. ಕೊನೆಗೆ ಶ್ರಿಂಕ್ ಸ್ಲೀವನ್ನು ಮುಚ್ಚಳದ ಬುಡಕ್ಕೆ ತಂದು, ಲೈಟರಿನ ಉರಿಯನ್ನು ದೂರದಿಂದಲೇ ಆಡಿಸಿ ಕುಗ್ಗಿಸಿ.

ಪ್ರಶ್ನೆ: ಯಾರೋ ಹೇಳಿದ್ದನ್ನು ಕೇಳಿ ಪ್ರಯತ್ನ ಮಾಡಿದೆ. ವೈರಿನೊಳಗೆ ಕೆಂಪು, ಹಸಿರು ಮತ್ತು ತಾಮ್ರದ ಬಣ್ಣದ ಎರಡು ಎಳೆಗಳಿವೆ. ಎಷ್ಟು ಬಿಸಿ ಮಾಡಿದರೂ ಸೋಲ್ಡರ್ ಅಂಟುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ. ಯಾವ ಬಣ್ಣ ಯಾವುದಕ್ಕೆಂದೂ ತಿಳಿಯಲಿಲ್ಲ.
(ಅಡಿಕೆ ಬೆಳೆಗಾರರು, ಸಿದ್ದಾಪುರ)

ಉತ್ತರ: ನೀವು ಬಣ್ಣದ ಪ್ಲಾಸ್ಟಿಕ್ ಹೊದಿಕೆ ಸುಲಿಯಲು ಹುಡುಕಿರಬೇಕು, ಸಿಕ್ಕಿರಲಿಕ್ಕಿಲ್ಲ. ಹೆಡ್‌ಫೋನಿನ ವೈರಿನಲ್ಲಿ ಅಂಥ ಹೊದಿಕೆ ಸಾಮಾನ್ಯವಾಗಿ ಇರುವುದಿಲ್ಲ. ಕೂದಲಿಗಿಂತ ತೆಳುವಾದ ತಾಮ್ರದ ಎಳೆಗಳಿಗೆ ಒಂದೊಂದಕ್ಕೂ ಬಣ್ಣದ ಇನಾಮಲ್ ಬಳಿದಿರುತ್ತಾರೆ. ಆ ಬಣ್ಣವೇ ಹೊದಿಕೆ. ಅದಿರುವವರೆಗೆ ಸೋಲ್ಡರ್ ಹಿಡಿಯುವುದಿಲ್ಲ, ವಿದ್ಯುತ್ ಹರಿಯುವುದಿಲ್ಲ. ಬರೀ ತಾಮ್ರದಂತೆ ಕಾಣುವ ಎಳೆಗಳ ಮೇಲೂ ಬಣ್ಣವಿಲ್ಲದ ಲೇಪ ಇರಬಹುದು, ಮೋಸ ಹೋಗಬೇಡಿ. ಇಷ್ಟು ಸಾಲದೆಂದು ಎಳೆಗಳ ನಡುವೆ ಬಲಕ್ಕಾಗಿ ನೈಲಾನಿನಂಥ ದಾರವನ್ನೂ ಸೇರಿಸಿ ಹೊಸೆದಿರುತ್ತಾರೆ. ಬಿಸಿ ತಗಲಿದರೆ ಅದು ಕರಗಿ, ಸುಟ್ಟು, ತಾಮ್ರಕ್ಕೆ ಮೆತ್ತಿಕೊಳ್ಳುತ್ತದೆ.

ಹೀಗೆ ಮಾಡಿ. ಎಳೆಯ ತುದಿಯನ್ನು ಉಗುರಿನಿಂದ ಬಿಡಿಸಿ ಅರಳಿಸಿ, ದಾರವನ್ನು ಬೇರೆ ಮಾಡಿ ಸಣ್ಣ ಕತ್ತರಿಯಿಂದ ಕತ್ತರಿಸಿ. ತಾಮ್ರವನ್ನು ಮತ್ತೆ ಹೊಸೆಯಿರಿ. ಅದಕ್ಕೆ ಪೇಸ್ಟ್ ಸವರಿ. ಬಿಟ್ಟನ್ನು ಒದ್ದೆ ಬಟ್ಟೆಗೆ ಒರೆಸಿ, ಅದರ ಮೇಲೆ ಜೋಳದ ಕಾಳಿನಷ್ಟು ಸೋಲ್ಡರ್ ಕರಗಿಸಿ ನಿಲ್ಲಿಸಿ. ತಂತಿಯ ತುದಿಯನ್ನು ಆ ಕರಗಿದ ಗುಂಡಿನೊಳಗೆ ಅದ್ದಿ ಹಿಡಿಯಿರಿ. ಮೊದಲು ಏನೂ ಆಗುವುದಿಲ್ಲ. ಕೆಲವು ಸೆಕೆಂಡ್ ಕಳೆದ ಮೇಲೆ ಸಣ್ಣ ಹೊಗೆ ಏಳುತ್ತದೆ, ಗುಂಡಿನ ಮೇಲೆ ಕಂದು ಬಣ್ಣದ ಕಿಟ್ಟ ತೇಲುತ್ತದೆ, ಹಸಿರು ತಂತಿ ತುದಿಯಿಂದ ಹಿಂದಕ್ಕೆ ಕಪ್ಪಾಗುತ್ತಾ ಬಂದು, ಆ ಕಪ್ಪಿನ ಬೆನ್ನಲ್ಲೇ ಬೆಳ್ಳಿಯ ಬಣ್ಣ ಏರಿಬರುತ್ತದೆ. ಆ ಬೆಳ್ಳಿಯ ಗೆರೆ ಕಂಡ ಕೂಡಲೇ ತಂತಿಯನ್ನು ಈಚೆಗೆ ಎಳೆಯಿರಿ. ಎರಡು ಮೂರು ಮಿಲಿಮೀಟರಿನಷ್ಟು ಹೊಳೆದರೆ ಸಾಕು. ಸೋಲ್ಡರ್ ಕರಗುವುದು 185 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಾದರೂ ಇನಾಮಲ್ ಸುಡಬೇಕಾದರೆ ಅದರ ಹೆಚ್ಚುಕಡಿಮೆ ಎರಡರಷ್ಟು ಬಿಸಿ ಬೇಕು. ಅದಕ್ಕೇ ಐರನ್ ಚೆನ್ನಾಗಿ ಕಾಯುವವರೆಗೆ ಕಾಯಿರಿ. ಕೆಲವರು ಬೆಂಕಿಕಡ್ಡಿಯಲ್ಲಿ ಲೇಪ ಸುಡುತ್ತಾರೆ. ನನಗದು ಒಗ್ಗುವುದಿಲ್ಲ, ಎಳೆಗಳು ಸೀದು ಪುಡಿಯಾಗುತ್ತವೆ. ನಯವಾದ ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜುವುದು ಅದಕ್ಕಿಂತ ವಾಸಿ.

ಬಣ್ಣದ ವಿಚಾರ. ಕೆಂಪು ಬಹುಮಟ್ಟಿಗೆ ಬಲಗಿವಿ. ಹಸಿರು ಅಥವಾ ನೀಲಿ ಎಡಗಿವಿ. ತಾಮ್ರದ ಬಣ್ಣದವು ಗ್ರೌಂಡ್. ನಿಮ್ಮಲ್ಲಿ ಅದು ಎರಡು ಎಳೆಯಾಗಿ ಬಂದಿದೆ ಎಂದರೆ ಕಿವಿಗೊಂದು ಗ್ರೌಂಡ್, ಎರಡನ್ನೂ ಒಟ್ಟಿಗೆ ಹೊಸೆದು ಸ್ಲೀವಿಗೆ ಹಾಕಿ. ಆದರೆ ಬಣ್ಣದ ಮೇಲೆ ಎಲ್ಲ ತಯಾರಕರೂ ನಿಯತ್ತಾಗಿರುತ್ತಾರೆಂದು ನಂಬಬೇಡಿ. ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತನ್ನಿ. ಕಲಾಯಿ ಹಾಕಿದ ಗ್ರೌಂಡ್ ಎಳೆಯನ್ನು ಸೆಲ್ಲಿನ ತಳಕ್ಕೆ ಒತ್ತಿ ಹಿಡಿದು, ಕೆಂಪನ್ನು ಮೇಲಿನ ಮೊಟ್ಟೆಗೆ ಒಮ್ಮೆ ತಾಗಿಸಿ ತೆಗೆಯಿರಿ. ಬಲಗಡೆಯ ಸ್ಪೀಕರ್ ಟಕ್ ಎನ್ನಬೇಕು. ಹೆಡ್‌ಫೋನ್ ಆಗ ಕಿವಿಯಲ್ಲಿರದೆ ಮೇಜಿನ ಮೇಲಿರಲಿ, ಆ ಟಕ್ ಜೋರಾಗಿಯೇ ಬರುತ್ತದೆ. ಮಲ್ಟಿಮೀಟರ್ ಇದ್ದವರು ಓಮ್ ಅಳೆಯಬಹುದು. ಬಹಳಷ್ಟು ಇಯರ್‌ಫೋನ್‌ಗಳಲ್ಲಿ ಒಂದೊಂದು ಕಿವಿಗೆ 16 ಅಥವಾ 32ರ ಹತ್ತಿರದ ಓಮ್ ಬರುತ್ತದೆ, ಎರಡೂ ಕಿವಿಯದು ಒಂದೇ ಸಮ ಇರಬೇಕು.

ಪ್ರಶ್ನೆ: ಇದೊಂದು ವಿಚಿತ್ರ. ನನ್ನ ಹೆಡ್‌ಫೋನಿನಲ್ಲಿ ಹಾಡು ಹಾಕಿದರೆ ವಾದ್ಯಗಳು ಎಲ್ಲೋ ಬಾವಿಯಲ್ಲಿ ನುಡಿದಂತೆ ಕೇಳುತ್ತವೆ, ಹಾಡುವವರ ಧ್ವನಿಯೇ ಮಾಯ. ಕೆಲವು ಹಳೆಯ ಧ್ವನಿಮುದ್ರಣಗಳಂತೂ ಪೂರ್ತಿ ನಿಶ್ಶಬ್ದ. ಮೊಬೈಲಿಗೆ ವೈರಸ್ ಬಂದಿದೆಯೆಂದು ಅಳಿಯಂದಿರು ಹೇಳುತ್ತಾರೆ.
(ನಿವೃತ್ತ ಸಂಗೀತ ಶಿಕ್ಷಕಿ, ಧಾರವಾಡ)

ಉತ್ತರ: ಅಳಿಯಂದಿರನ್ನು ಮೊಬೈಲ್ ಫಾರ್ಮ್ಯಾಟ್ ಮಾಡದಂತೆ ತಡೆಯಿರಿ. ನಿಮ್ಮ ಪಿನ್ನಿನಲ್ಲಿ ಕಡಿದಿರುವುದು ಗ್ರೌಂಡ್ ತಂತಿ, ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಬೇರೆ ಇಲ್ಲ.

ನಡೆಯುವುದೇನೆಂದರೆ, ಗ್ರೌಂಡ್ ಇದ್ದಾಗ ಎಡ ಬಲ ಎರಡೂ ಸ್ಪೀಕರ್‌ಗಳು ತಮ್ಮ ತಮ್ಮ ಸಂಕೇತವನ್ನು ಪಡೆದು ಆ ಒಂದೇ ದಾರಿಯಲ್ಲಿ ಹಿಂದಿರುಗಿಸುತ್ತವೆ. ಗ್ರೌಂಡ್ ಹೋದರೆ ಎರಡು ಸ್ಪೀಕರ್‌ಗಳೂ ಒಂದರ ಹಿಂದೊಂದು ಪೋಣಿಸಿದಂತಾಗಿ ಎಡದ ಹಾಗೂ ಬಲದ ಔಟ್‌ಪುಟ್‌ಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಆಗ ಅವಕ್ಕೆ ಸಿಗುವುದು ಎಡಬಲಗಳ ನಡುವಿನ ವ್ಯತ್ಯಾಸ ಮಾತ್ರ. ಧ್ವನಿಮುದ್ರಣದಲ್ಲಿ ಗಾಯಕರ ಧ್ವನಿಯನ್ನು ಸಾಮಾನ್ಯವಾಗಿ ನಡುವೆ ಕೂರಿಸುತ್ತಾರೆ, ಅಂದರೆ ಎರಡೂ ಕಡೆ ಸಮವಾಗಿ. ಸಮದಲ್ಲಿ ಸಮ ಕಳೆದರೆ ಉಳಿಯುವುದು ಸೊನ್ನೆ. ಒಂದು ಬದಿಗೆ ಇಟ್ಟಿದ್ದ ತಬಲಾ, ಹಾರ್ಮೋನಿಯಂ ಮತ್ತು ಒಂದಿಷ್ಟು ಅನುರಣನ ಉಳಿಯುತ್ತವೆ, ಬಾವಿಯ ಸದ್ದು ಅದೇ. ಹಳೆಯ ಮೋನೊ ಧ್ವನಿಮುದ್ರಣದಲ್ಲಿ ಎರಡು ಬದಿಯೂ ಒಂದೇ ಆದ್ದರಿಂದ ಏನೂ ಉಳಿಯುವುದಿಲ್ಲ. ನಿಮ್ಮ ಶಿಷ್ಯರಿಗೆ ಬರೀ ವಾದ್ಯದ ಪಕ್ಕಕ್ಕೆ ಹಾಡಿಸಿ ಅಭ್ಯಾಸ ಮಾಡಿಸಬಹುದು ಎನ್ನಿ, ಆದರೆ ಮೇಲೆ ಹೇಳಿದಂತೆ ಹೊಸ ಪಿನ್ ಹಾಕಿಸಿಬಿಡುವುದು ಮೇಲು.

ಪ್ರಶ್ನೆ: ಮೈಕ್ ಇರುವ ಇಯರ್‌ಫೋನಿಗೆ ನಾಲ್ಕು ಪೋಲಿನ ಪಿನ್ ಹಾಕಿದೆ. ಹಾಡು ಸಣ್ಣದಾಗಿ, ಧ್ವನಿಯಿಲ್ಲದೆ ಕೇಳುತ್ತದೆ. ಮೈಕಿನ ಬಟನ್ ಒತ್ತಿ ಹಿಡಿದರೆ ಮಾತ್ರ ಎಲ್ಲ ಸರಿಯಾಗುತ್ತದೆ!
(ಎಲೆಕ್ಟ್ರಿಕಲ್ ಡಿಪ್ಲೊಮಾ ವಿದ್ಯಾರ್ಥಿ, ರಾಯಚೂರು)

ಉತ್ತರ: ಆ ಆಶ್ಚರ್ಯಸೂಚಕ ಚಿಹ್ನೆಯಲ್ಲೇ ಉತ್ತರವಿದೆ. ಧಾರವಾಡದವರಿಗೆ ಬರೆದದ್ದನ್ನು ಓದಿ. ನಿಮ್ಮ ಗ್ರೌಂಡ್ ಕಡಿದಿಲ್ಲ, ತಪ್ಪು ಮನೆಗೆ ಹೋಗಿದೆ. ನಾಲ್ಕು ಪೋಲಿನ ಪಿನ್ನಿನಲ್ಲಿ ತುದಿ ಎಡ, ಮೊದಲ ಉಂಗುರ ಬಲ. ಎರಡನೆಯ ಉಂಗುರ ಹಾಗೂ ಸ್ಲೀವ್ ಬಗ್ಗೆ ಮಾತ್ರ ಹಿಂದೆ ಎರಡು ಪಂಗಡಗಳಿದ್ದವು. ಈಗ ಬಳಕೆಯಲ್ಲಿರುವ ಸಿ.ಟಿ.ಐ.ಎ. ಜೋಡಣೆಯಲ್ಲಿ ಎರಡನೆಯ ಉಂಗುರ ಗ್ರೌಂಡ್, ಸ್ಲೀವ್ ಮೈಕ್. ಹಳೆಯ ಓ.ಎಂ.ಟಿ.ಪಿ. ಜೋಡಣೆಯಲ್ಲಿ ಇವೆರಡೂ ಅದಲುಬದಲು. ಬುಡದ್ದು ಯಾವಾಗಲೂ ಗ್ರೌಂಡ್ ಎಂದುಕೊಂಡು ನೀವು ಹಳೆಯ ರೀತಿಯಲ್ಲಿ ಬೆಸೆದಿದ್ದೀರಿ. ಬಟನ್ ಒತ್ತಿದಾಗ ಮೈಕಿನ ತಂತಿಯೂ ಗ್ರೌಂಡೂ ಒಳಗೆ ಕೂಡಿಕೊಳ್ಳುತ್ತವೆ, ಗ್ರೌಂಡಿಗೆ ಮೈಕಿನ ದಾರಿಯಲ್ಲಿ ಹೊರಗೆ ಹೋಗಲು ಅವಕಾಶ ಸಿಗುತ್ತದೆ, ಹಾಡು ಸರಿಯಾಗುತ್ತದೆ. ಆ ಎರಡು ತಂತಿಗಳನ್ನು ಅದಲುಬದಲು ಮಾಡಿ. ಮೈಕಿನ ಗೊಡವೆಯೇ ಬೇಡವೆಂದರೆ ಮೂರು ಪೋಲಿನ ಪಿನ್ ಹಾಕಿ, ಮೈಕಿನ ತಂತಿಯ ತುದಿ ಯಾವುದಕ್ಕೂ ತಗಲದಂತೆ ಟೇಪ್ ಸುತ್ತಿಬಿಡಿ.

ಪ್ರಶ್ನೆ: ಪಿನ್ ಬದಲಿಸಿದ ಮೇಲೆ ಹಾಡು ಚೆನ್ನಾಗಿ ಕೇಳುತ್ತದೆ. ಆದರೆ ಮೊಬೈಲಿನ ಎಫ್.ಎಂ.ನಲ್ಲಿ ಅಮೃತವರ್ಷಿಣಿ ಮೊದಲಿನಂತೆ ಹಿಡಿಯುವುದಿಲ್ಲ, ಗರಗರ ಎನ್ನುತ್ತದೆ. ನನ್ನ ಬೆಸುಗೆ ಸರಿಯಿಲ್ಲವೇ?
(ಗೃಹಿಣಿ, ಕೆಂಗೇರಿ)

ಉತ್ತರ: ನಿಮ್ಮ ಬೆಸುಗೆಯಲ್ಲ, ನಿಮ್ಮ ಕತ್ತರಿ. ಎಫ್.ಎಂ. ಇರುವ ಮೊಬೈಲಿಗೆ ಬೇರೆ ಏರಿಯಲ್ ಇರುವುದಿಲ್ಲ, ಹೆಡ್‌ಫೋನಿನ ವೈರೇ, ಅದರಲ್ಲೂ ಗ್ರೌಂಡ್ ತಂತಿಯೇ, ಏರಿಯಲ್. ಅದಕ್ಕೇ ಹೆಡ್‌ಫೋನ್ ಚುಚ್ಚದೆ ರೇಡಿಯೊ ತೆರೆದರೆ ಮೊಬೈಲ್ ಜಗಳ ತೆಗೆಯುವುದು. ಅಮೃತವರ್ಷಿಣಿ ಬರುವುದು 100.1 ಮೆಗಾಹರ್ಟ್ಸಿನಲ್ಲಿ. ಆ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ವೈರು ಅದಕ್ಕಿಂತ ಗಿಡ್ಡವಾಗುತ್ತ ಹೋದಂತೆ ಹಿಡಿತ ಕುಂದುತ್ತದೆ. ವೈರು ಇನ್ನೂ ಮಾರುದ್ದ ಇದೆ ಎಂದಾದರೆ ಗ್ರೌಂಡ್ ಬೆಸುಗೆಯ ಮೇಲೆ ಅನುಮಾನ ಪಡಬಹುದು, ಮುಚ್ಚಳ ಬಿಚ್ಚಿ ಆ ನಾಲಿಗೆಗೆ ಮತ್ತೊಮ್ಮೆ ಬಿಸಿ ಕೊಡಿ. ಅಡುಗೆಮನೆಯಲ್ಲಿ ಕೇಳುವವರಾದರೆ ವೈರನ್ನು ಸುರುಳಿ ಸುತ್ತಿ ಜೇಬಿಗೆ ತುರುಕದೆ ನೇರವಾಗಿ ಇಳಿಬಿಡಿ, ಎಷ್ಟೋ ವ್ಯತ್ಯಾಸವಾಗುತ್ತದೆ.

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿ. ಸೋಲ್ಡರಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಸೀಸದ ಹೊಗೆ ವಿಷ ಎಂದು ಕೇಳಿ ನನಗೆ ಭಯ.
(ತಾಯಿ, ಹಾಸನ)

ಉತ್ತರ: ಸೀಸ ವಿಷವೆಂಬುದು ನಿಜ, ಹೊಗೆಯ ವಿಚಾರ ಮಾತ್ರ ಬೇರೆ. ಸೀಸ ಕುದಿಯಲು 1,700 ಡಿಗ್ರಿಗೂ ಮೇಲಿನ ಬಿಸಿ ಬೇಕು, ನಮ್ಮ ಐರನ್ ಅದರ ಕಾಲು ಭಾಗವನ್ನೂ ದಾಟುವುದಿಲ್ಲ. ಮೇಲೇಳುವ ಹೊಗೆ ರಾಳದ್ದು. ಅದೂ ಒಳ್ಳೆಯದಲ್ಲ, ಉಬ್ಬಸ ಇರುವವರನ್ನು ಕೆರಳಿಸುತ್ತದೆ. ಕಿಟಕಿ ತೆರೆದಿಟ್ಟು, ಮುಖವನ್ನು ನೇರವಾಗಿ ಹೊಗೆಯ ಮೇಲೆ ಬಾಗಿಸದೆ ಕೂರಲಿ. ಸೀಸ ದೇಹಕ್ಕೆ ಹೋಗುವ ದಾರಿ ಬೆರಳಿನಿಂದ ಬಾಯಿಗೆ. ಎರಡು ಕೈಯಲ್ಲೂ ಕೆಲಸವಿದ್ದಾಗ ಸೋಲ್ಡರ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬೆಸುಗೆ ಹಾಕುವ ವೈರ್‌ಮನ್‌ಗಳನ್ನು ನೀವೂ ನೋಡಿರಬಹುದು. ಅದನ್ನು ಮಗಳು ನೋಡಿ ಕಲಿಯದಿರಲಿ. ಕೆಲಸದ ನಡುವೆ ಚಕ್ಕುಲಿ, ಕೋಡುಬಳೆ ಮೇಜಿಗೆ ಬರಬಾರದು, ಎದ್ದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಊಟದ ಮೇಜು ಬೇಡ, ಬೇರೆ ಹಲಗೆ ಇಟ್ಟುಕೊಡಿ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಸೀಸವಿಲ್ಲದ ಸೋಲ್ಡರ್ ಸಿಗುತ್ತದೆ. ಯುರೋಪಿನಲ್ಲಿ 2006ರ ಜುಲೈನಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಅದೇ ಕಡ್ಡಾಯವಾಯಿತು. ಅದು ಕರಗಲು 220 ಡಿಗ್ರಿಯ ಹತ್ತಿರ ಬೇಕು, ಹರಿಯುವುದೂ ಸ್ವಲ್ಪ ಮೊಂಡು, ಕಲಿಯುವ ಕೈಗೆ ಬೇಸರ ತರಿಸುತ್ತದೆ. ಮಕ್ಕಳ ಮಟ್ಟಿಗೆ ಆ ಬೇಸರ ಸಹಿಸಿಕೊಳ್ಳುವುದೇ ಸರಿ ಎಂದು ನನ್ನ ಮತ. ಬಸುರಿಯರಿಗೂ ಇದೇ ಮಾತು. ಸೀಸಕ್ಕಿಂತ ದೊಡ್ಡ ಅಪಾಯ ಐರನ್ನಿನ ಬಿಸಿ ಬಿಟ್ಟು. ಸ್ಟ್ಯಾಂಡ್ ಇಲ್ಲದೆ ಶುರು ಮಾಡಿಸಬೇಡಿ.

ಪ್ರಶ್ನೆ: ನನ್ನ ಮೊಬೈಲಿನಲ್ಲಿ ಗುಂಡು ರಂಧ್ರವೇ ಇಲ್ಲ, ಟೈಪ್-ಸಿ ಇಯರ್‌ಫೋನ್. ಅದರ ಪಿನ್ ಮುರಿದರೆ?
(ಓದುಗರು, ಕಾರವಾರ)

ಉತ್ತರ: ಹಾಗೇ ಬೇರೆ ಟೈಪ್-ಸಿ ಪ್ಲಗ್ ತಂದು ಬೆಸೆದರೆ ಬಹಳಷ್ಟು ಮೊಬೈಲುಗಳಲ್ಲಿ ಕೆಲಸ ಮಾಡುವುದಿಲ್ಲ. ಡಿಜಿಟಲ್ ಸಂಕೇತವನ್ನು ಶಬ್ದವಾಗಿ ಬದಲಿಸುವ ಪುಟ್ಟ ಚಿಪ್ ಸಾಮಾನ್ಯವಾಗಿ ಆ ಪ್ಲಗ್ಗಿನೊಳಗೇ ಇರುತ್ತದೆ. ಸುಲಭದ ಹಾದಿ ಇದು: ಮುರಿದ ಪ್ಲಗ್ಗನ್ನು ಕತ್ತರಿಸಿ ಮಾಮೂಲಿ 3.5ರ ಪಿನ್ ಹಾಕಿ, ಚಿಪ್ ಇರುವ ಟೈಪ್-ಸಿ ಅಡಾಪ್ಟರ್ ಒಂದನ್ನು ಕೊಳ್ಳಿ. ಮುಂದೆ ಕೆಟ್ಟರೂ ಬೆಸೆಯುವ ಭಾಗ ನಿಮ್ಮ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ಅಜ್ಜಿ, ಅಪ್ಪನ ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಆಟವಾಡುವಾಗ ಅದು ಕೆಳಗೆ ಬಿತ್ತು. ಪಿನ್ನಿನ ತುದಿ ಮುರಿದು ಒಳಗೇ ಉಳಿದಿದೆ. ಈಗ ಮೊಬೈಲಿನ ಸ್ಪೀಕರಿನಲ್ಲಿ ಶಬ್ದವೇ ಬರುವುದಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಸೋಲ್ಡರ್ ಮಾಡಿ ಎಳೆಯಬಹುದಾ?
(ಒಂಬತ್ತನೆಯ ತರಗತಿ, ಹೊಸದುರ್ಗ)

ಉತ್ತರ: ಬೇಡ ಮಗು. ಮೊಬೈಲಿನ ಆ ರಂಧ್ರದೊಳಗೆ ಐರನ್ ಹಿಡಿದರೆ ಮೊದಲು ಕರಗುವುದು ಸಾಕೆಟ್ಟಿನ ಪ್ಲಾಸ್ಟಿಕ್. ಮುಳ್ಳು, ಸೂಜಿ ಹಾಕಿ ಕೆದಕಲೂ ಬೇಡ, ತುದಿ ಇನ್ನೂ ಒಳಗೆ ಹೋಗುತ್ತದೆ. ಸ್ಪೀಕರ್ ಕೆಟ್ಟಿಲ್ಲ. ತುದಿ ಒಳಗಿರುವುದರಿಂದ ಇಯರ್‌ಫೋನ್ ಹಾಕಿಯೇ ಇದೆ ಎಂದು ಮೊಬೈಲ್ ತಿಳಿದುಕೊಂಡಿದೆ, ಅಷ್ಟೇ.

ಮೊದಲು ಅಪ್ಪನಿಗೆ ಹೇಳು, ಮುಂದಿನ ಕೆಲಸಕ್ಕೆ ದೊಡ್ಡವರ ಕೈ ಬೇಕು. ಮೊಬೈಲನ್ನು ಆಫ್ ಮಾಡಿ. ರಂಧ್ರ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ ನೋಡಿ, ಅದೃಷ್ಟವಿದ್ದರೆ ಅಷ್ಟಕ್ಕೇ ಬೀಳುತ್ತದೆ. ಬೀಳದಿದ್ದರೆ ಖಾಲಿ ಬಾಲ್‌ಪೆನ್ನಿನ ರೀಫಿಲ್ ಕೊಳವೆಯನ್ನು ನೇರವಾಗಿ ಕತ್ತರಿಸಿ, ಅದರ ಅಂಚಿಗೆ ಮಾತ್ರ ಸೂಪರ್ ಗ್ಲೂ ಸವರಿ, ಹೆಚ್ಚಾದದ್ದನ್ನು ಕಾಗದಕ್ಕೆ ಒರೆಸಿಬಿಡಿ. ಗೋಂದನ್ನು ಎಂದಿಗೂ ರಂಧ್ರಕ್ಕೆ ಹನಿಸಬಾರದು. ಮೊಬೈಲ್ ತಲೆಕೆಳಗಾಗಿಯೇ ಇರಲಿ, ಆಗ ಗೋಂದು ಒಳಗೆ ಹರಿಯುವುದಿಲ್ಲ. ಕೊಳವೆಯನ್ನು ಪಕ್ಕಕ್ಕೆ ತಗಲಿಸದೆ ನೇರವಾಗಿ ಮೇಲಕ್ಕೆ ತಳ್ಳಿ, ಮುರಿದ ತುಂಡಿಗೆ ತಾಗಿಸಿ, ಅಲುಗಾಡಿಸದೆ ಗೋಂದು ಒಣಗುವವರೆಗೆ ಹಿಡಿದುಕೊಂಡು ಒಂದೇ ನೇರಕ್ಕೆ ಎಳೆಯಬೇಕು. ಕೈ ನಡುಗುವವರು ಇದನ್ನು ಮಾಡುವುದು ಬೇಡ, ಮೊಬೈಲ್ ರಿಪೇರಿಯವರು ಸಾಕೆಟ್ ಬಿಚ್ಚಿ ತೆಗೆದುಕೊಡುತ್ತಾರೆ. ತುಂಡು ಹೊರಬಂದರೆ ಅದನ್ನು ಮುರಿದ ಪಿನ್ನಿಗೆ ಜೋಡಿಸಿ, ಪಕ್ಕದಲ್ಲಿ ಇನ್ನೊಂದು ಒಳ್ಳೆಯ ಪಿನ್ ಇಟ್ಟು ಉದ್ದ ಸರಿಹೋಗುತ್ತದೆಯೇ ನೋಡಿ. ಒಂದು ಮಿಲಿಮೀಟರ್ ಕಡಿಮೆ ಬಂದರೂ ಚೂರು ಒಳಗೆ ಉಳಿದಿದೆ ಎಂದೇ ಲೆಕ್ಕ, ಅದು ಸಿಗುವವರೆಗೆ ಹೊಸ ಪಿನ್ ಚುಚ್ಚಬೇಡ.